ಪರ್ವದಿನವೂ ಸರಕಾರಿ ರಜೆಯೂ

ಪಂಚಕಲ್ಯಾಣ ಮಹೋತ್ಸವದಲ್ಲಿ ಜಿನಬಿಂಬದ ಜನ್ಮಾಭಿಷೇಕವನ್ನು ಕಣ್ತುಂಬ ಕಂಡು ಧನ್ಯರಾಗುವ ಈ ಪುಣ್ಯಕಾಲದಲ್ಲಿ, ನಮ್ಮ ಶ್ರಾವಕ ಬಂಧುಗಳ ನಡುವೆ ಆಗಾಗ ಕೇಳಿಬರುವ ಒಂದು ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇನೆ. ಚೈತ್ರ ಶುದ್ಧ ತ್ರಯೋದಶಿಯಂದು ಭಗವಾನ್ ಮಹಾವೀರ ಸ್ವಾಮಿಯ ಜನ್ಮಕಲ್ಯಾಣಕ್ಕೆ ಸರಕಾರವು ರಜೆಯನ್ನು ನೀಡಿದೆ. ಭಾದ್ರಪದ ಮಾಸದ ಮಹಾಪರ್ವಕ್ಕೂ ಒಂದು ದಿನದ ಸಾರ್ವತ್ರಿಕ ರಜೆಯನ್ನು ನಾವು ಕೇಳಬೇಡವೆ? ಇದೇ ಆ ಪ್ರಶ್ನೆ.

ಈ ವಿಷಯದಲ್ಲಿ ನೆರೆಯ ಸಿಂಹಳದ ಅನುಭವವು ನಮಗೆ ಪಾಠ ಹೇಳುವಂತಿದೆ. ವೈಶಾಖ ಹುಣ್ಣಿಮೆಯು ಬೌದ್ಧರಿಗೆ ಅತ್ಯಂತ ಪವಿತ್ರವಾದ ದಿನ. ಆದರೆ ಬ್ರಿಟಿಷರ ಆಳ್ವಿಕೆಯಲ್ಲಿ ಆ ದಿನಕ್ಕೆ ರಜೆಯಿರಲಿಲ್ಲ. 1883ರ ಈಸ್ಟರ್ ಭಾನುವಾರದಂದು ಕೊಲಂಬೊ ನಗರದ ಕೊಟಹೇನದಲ್ಲಿ ಬೌದ್ಧರ ಮೆರವಣಿಗೆಯ ಮೇಲೆ ಹಲ್ಲೆ ನಡೆದು ದೊಡ್ಡ ಗಲಭೆಯಾಯಿತು. ನೊಂದ ಬೌದ್ಧರು 1884ರಲ್ಲಿ ಒಂದು ರಕ್ಷಣಾ ಸಮಿತಿಯನ್ನು ರಚಿಸಿ, ಥಿಯಾಸಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟರನ್ನು ತಮ್ಮ ಪ್ರತಿನಿಧಿಯಾಗಿ ಲಂಡನ್ನಿಗೆ ಕಳುಹಿಸಿದರು. ಅವರ ಬೇಡಿಕೆಗಳಲ್ಲಿ ವೈಶಾಖ ಹುಣ್ಣಿಮೆಯ ರಜೆಯೂ ಒಂದಾಗಿತ್ತು. ಗವರ್ನರ್ ಆರ್ಥರ್ ಗಾರ್ಡನ್ ಅವರ ಕಾಲದಲ್ಲಿ ಅದು ಈಡೇರಿ, 1885ನೆಯ ಏಪ್ರಿಲ್ 28ರಂದು ಆ ರಜೆಯು ಮೊದಲ ಬಾರಿಗೆ ಆಚರಣೆಗೆ ಬಂದಿತು. ಬೌದ್ಧರ ಬಹುವರ್ಣದ ಧ್ವಜವು ಮೊದಲು ಹಾರಿದ್ದೂ ಅಂದೇ. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಕಾಲದಲ್ಲಿ, ಅಂದರೆ 1974–75ರಲ್ಲಿ, ನಮ್ಮ ಎಲ್ಲ ಪಂಥಗಳೂ ಒಂದುಗೂಡಿ ಪಂಚವರ್ಣದ ಧ್ವಜವನ್ನೂ ಅಹಿಂಸಾ ಹಸ್ತದ ಪ್ರತೀಕವನ್ನೂ ಸ್ವೀಕರಿಸಿದುದನ್ನು ಇಲ್ಲಿ ನೆನೆಯಬಹುದು. ಅವಮಾನಕ್ಕೊಳಗಾದ ಜನಾಂಗಕ್ಕೆ ಒಂದು ದಿನದ ರಜೆಯು ಎಷ್ಟು ದೊಡ್ಡ ಗೌರವವಾಗಬಲ್ಲುದೆಂಬುದಕ್ಕೆ ಈ ಘಟನೆಯೇ ಸಾಕ್ಷಿ.

ಆದರೆ ಅದೇ ದ್ವೀಪದ ಇತಿಹಾಸದಲ್ಲಿ ಇನ್ನೊಂದು ಅಧ್ಯಾಯವೂ ಇದೆ. ಸ್ವತಂತ್ರ ಸಿಂಹಳದ ಸರಕಾರವು 1966ರಿಂದ ಭಾನುವಾರದ ವಾರದ ರಜೆಯನ್ನು ರದ್ದುಗೊಳಿಸಿ, ಚಂದ್ರನ ನಾಲ್ಕು ಹಂತಗಳ ‘ಪೋಯ’ ದಿನಗಳನ್ನೇ ವಾರದ ರಜೆಯಾಗಿ ಮಾಡಿತು. ಪೋಯವೆಂದರೆ ಪಾಲಿಯ ‘ಉಪೋಸಥ’. ನಮ್ಮ ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸಕ್ಕೆ ಒಡಹುಟ್ಟಿದ ಶಬ್ದ ಮತ್ತು ಆಚಾರ. ಧರ್ಮದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಉತ್ತಮವಾದ ವ್ಯವಸ್ಥೆಯುಂಟೆ ಎನಿಸುತ್ತದೆ. ಆದರೆ ಚಾಂದ್ರಮಾಸವು ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳದು. ಅದನ್ನು ನಾಲ್ಕು ಭಾಗ ಮಾಡಿದರೆ ಒಂದು ವಾರಕ್ಕೆ ಏಳು ದಿನ, ಇನ್ನೊಂದಕ್ಕೆ ಎಂಟು ದಿನ ಬರುತ್ತದೆ. ಹೊರದೇಶಗಳ ಬ್ಯಾಂಕುಗಳು ತೆರೆದಿರುವಾಗ ಇಲ್ಲಿ ಮುಚ್ಚಿರುವುದು, ಇಲ್ಲಿ ತೆರೆದಿರುವಾಗ ಅಲ್ಲಿ ಮುಚ್ಚಿರುವುದು ನಿತ್ಯದ ತೊಡಕಾಯಿತು. 1971ರಲ್ಲಿ ಭಾನುವಾರವು ಮರಳಿ ಬಂದಿತು. ಹುಣ್ಣಿಮೆಯ ಪೋಯ ಮಾತ್ರ ಇಂದಿಗೂ ಅಲ್ಲಿ ಸಾರ್ವಜನಿಕ ರಜೆಯಾಗಿ ಉಳಿದಿದೆ.

ಇನ್ನು ನಮ್ಮ ದೇಶದ ಸಂಗತಿ. ಸಾರ್ವಜನಿಕ ರಜೆಗೆ ಕಾನೂನಿನ ಆಧಾರವು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟಿನ 25ನೆಯ ಕಲಮು. ಹುಂಡಿಯ ವಾಯಿದೆಯು ರಜೆಯ ದಿನ ತೀರುವುದಾದರೆ ಅದರ ಹಿಂದಿನ ವ್ಯವಹಾರದ ದಿನವೇ ಹಣ ಸಲ್ಲತಕ್ಕದ್ದು ಎಂಬುದು ಅದರ ತಾತ್ಪರ್ಯ. ಧರ್ಮದ ಪರ್ವವು ವಾಣಿಜ್ಯದ ಕಾನೂನಿನ ಮೂಲಕ ರಜೆಯಾಗುವುದು ವಿಚಿತ್ರವಾದರೂ ಸತ್ಯ. ಕೇಂದ್ರ ಸರಕಾರದ ಕಚೇರಿಗಳಿಗೆ ದೇಶದಾದ್ಯಂತ ಕಡ್ಡಾಯವಾಗಿರುವ 14 ರಜೆಗಳಲ್ಲಿ ಮಹಾವೀರ ಜಯಂತಿಯೂ ಒಂದು. ಜನಸಂಖ್ಯೆಯಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆಯಿರುವ ನಮ್ಮ ಸಮಾಜಕ್ಕೆ ಇದು ಅಲ್ಪ ಗೌರವವಲ್ಲ.

ಇತ್ತ ರಜೆಗಳ ಸಂಖ್ಯೆಯನ್ನು ಇಳಿಸಬೇಕೆಂಬ ವಾದವೂ ಬಲವಾಗಿದೆ. 2008ರಲ್ಲಿ ಆರನೆಯ ಕೇಂದ್ರ ವೇತನ ಆಯೋಗವು ಮೂರು ರಾಷ್ಟ್ರೀಯ ದಿನಗಳನ್ನು ಮಾತ್ರ ಉಳಿಸಿ, ಉಳಿದವುಗಳಿಗೆ ಬದಲಾಗಿ ನೌಕರರು ತಮಗೆ ಬೇಕಾದ ಹಬ್ಬಕ್ಕೆ ಪಡೆಯುವ ಪರಿಮಿತ ರಜೆಗಳನ್ನು ಎರಡರಿಂದ ಎಂಟಕ್ಕೆ ಏರಿಸುವಂತೆ ಸಲಹೆ ಮಾಡಿತ್ತು. ಆ ಸಲಹೆ ಜಾರಿಗೆ ಬರಲಿಲ್ಲ. 2022ರಲ್ಲಿ ದಾದ್ರಾ ಮತ್ತು ನಗರ ಹವೇಲಿಯ ವಿಮೋಚನಾ ದಿನದ ಪ್ರಕರಣದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಸಾರ್ವಜನಿಕ ರಜೆಯು ಯಾರ ಮೂಲಭೂತ ಹಕ್ಕೂ ಅಲ್ಲವೆಂದು ತೀರ್ಪಿತ್ತಿತು.

ಇಷ್ಟಾಗಿಯೂ ನಾವು ಕೇಳುವುದಾದರೆ ಯಾವ ದಿನವನ್ನು ಕೇಳೋಣ? ಶ್ವೇತಾಂಬರ ಮೂರ್ತಿಪೂಜಕ ಬಂಧುಗಳಲ್ಲಿ ಹೆಚ್ಚಿನವರಿಗೆ ಸಂವತ್ಸರಿಯು ಭಾದ್ರಪದ ಶುದ್ಧ ಚೌತಿ. ಸ್ಥಾನಕವಾಸಿ ಮತ್ತು ತೇರಾಪಂಥಿಗಳಿಗೆ ಪಂಚಮಿ. ದಿಗಂಬರರಾದ ನಮಗೆ ದಶಲಕ್ಷಣ ಪರ್ವವು ಆರಂಭವಾಗುವುದೇ ಪಂಚಮಿಯಂದು. ಅದು ಮುಗಿಯುವುದು ಅನಂತ ಚತುರ್ದಶಿಯಂದು. ಕ್ಷಮಾವಾಣಿಯು ಅದರ ನಂತರ. ಉತ್ತಮ ಕ್ಷಮೆಯನ್ನು ಬೋಧಿಸುವ ಪರ್ವದ ತಿಥಿಗಾಗಿ ನಾವೇ ಸರಕಾರದ ಮುಂದೆ ಎರಡು ಮೂರು ಮನವಿಗಳನ್ನು ಹಿಡಿದು ನಿಂತರೆ ನೋಡಿದವರು ಏನೆಂದಾರು?

ಈ ಲೇಖಕನೂ ಒಬ್ಬ ವ್ಯಾಪಾರಿಯೇ. ಮಹಾವೀರ ಜಯಂತಿಯಂದು ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕವನ್ನು ಕಂಡು, ಗಂಧೋದಕವನ್ನು ಶಿರಸಾ ಧರಿಸಿ, ಹನ್ನೊಂದು ಗಂಟೆಗೆ ಅಂಗಡಿಯ ಬಾಗಿಲು ತೆರೆದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವರ್ಷಗಳು ನನ್ನ ಲೆಕ್ಕದಲ್ಲಿಯೂ ಇವೆ. ಊರಿನ ಕಚೇರಿಗಳೆಲ್ಲ ಮಹಾವೀರ ಸ್ವಾಮಿಯ ಹೆಸರಿನಲ್ಲಿ ಮುಚ್ಚಿರುವಾಗ ಜೈನನ ಅಂಗಡಿ ತೆರೆದಿತ್ತು. ಇದನ್ನು ನೆನೆದಾಗ, ಹೊಸ ರಜೆಯ ಮನವಿಗೆ ಸಹಿ ಹಾಕಲು ನನ್ನ ಕೈ ಹಿಂಜರಿಯುತ್ತದೆ.

ಆದುದರಿಂದ ನನ್ನ ಅಲ್ಪಮತಿಗೆ ತೋರುವುದಿಷ್ಟು. ನೌಕರಿಯಲ್ಲಿರುವ ನಮ್ಮ ಮಕ್ಕಳಿಗಾಗಿ ಪರಿಮಿತ ರಜೆಗಳ ಪಟ್ಟಿಯಲ್ಲಿ ನಮ್ಮ ಪರ್ವಗಳಿಗೆ ಸ್ಥಾನವನ್ನು ಕೋರುವುದು ನ್ಯಾಯವಾದುದು. ಅದರಿಂದ ಅನ್ಯರಿಗೆ ಯಾವ ತೊಂದರೆಯೂ ಇಲ್ಲ. ಸಾರ್ವತ್ರಿಕ ರಜೆಯನ್ನು ಕೇಳುವ ಮೊದಲು ಎಲ್ಲ ಪಂಥಗಳ ಹಿರಿಯರೂ ಕೂಡಿ ಒಂದು ದಿನವನ್ನು ಒಪ್ಪಲಿ. ಅದಕ್ಕೂ ಮೊದಲು ವ್ಯಾಪಾರಸ್ಥರಾದ ನಾವು ಈಗಿರುವ ಒಂದು ರಜೆಯನ್ನು ಪೂರ್ಣವಾಗಿ ಪಾಲಿಸೋಣ. ಅನಂತ ಚತುರ್ದಶಿಯಂದು, ಯಾರ ಆಜ್ಞೆಯೂ ಇಲ್ಲದೆ, ನಮ್ಮ ಅಂಗಡಿಗಳನ್ನು ನಾವೇ ಮುಚ್ಚೋಣ. ಅಂದು ದುಡಿಯುವ ಆಳುಗಳಿಗೆ ಸಂಬಳವನ್ನು ಕಡಿಯದಿರೋಣ.

ನೂತನವಾಗಿ ಪ್ರತಿಷ್ಠಾಪಿತವಾಗುವ ಜಿನಬಿಂಬದ ಸನ್ನಿಧಿಯಲ್ಲಿ ಈ ಒಂದು ಸಂಕಲ್ಪವನ್ನು ಕೈಗೊಂಡರೆ ಮಹೋತ್ಸವವು ಸಾರ್ಥಕವಾದಂತೆ. ತಪ್ಪಿದ್ದಲ್ಲಿ ಬಲ್ಲವರು ಕ್ಷಮಿಸಿ ತಿದ್ದಬೇಕಾಗಿ ಪ್ರಾರ್ಥನೆ.