ಟ್ರಿಸ್ಟನ್ ದ್ವೀಪದ ಸಣ್ಣ ನಡುಕ



ಸುದ್ದಿ ಓದುವ ನಮಗೆ ಆಗಾಗ ಇಂಥದೊಂದು ಸಾಲು ಸಿಗುತ್ತದೆ: ದೂರದ ಯಾವುದೋ ದ್ವೀಪದಲ್ಲಿ ಲಘು ಭೂಕಂಪ, ಪ್ರಾಣಹಾನಿ ಇಲ್ಲ. ಅದನ್ನು ಐದು ಸೆಕೆಂಡಿನಲ್ಲಿ ಓದಿ ಹವಾಮಾನಕ್ಕೆ ಹೋಗಿಬಿಡುತ್ತೇವೆ. ಅಂಥದೇ ನಡುಕ 1961ರಲ್ಲಿ ಒಂದು ಇಡೀ ಊರನ್ನು ಹಡಗು ಹತ್ತಿಸಿತ್ತು ಎಂದರೆ ನಂಬುತ್ತೀರಾ?

ಆ ಊರು ಇರುವುದು ದಕ್ಷಿಣ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ಡ ಕುನ್ಹ ಎಂಬ ಬ್ರಿಟಿಷ್ ದ್ವೀಪದಲ್ಲಿ. ನೆರೆಮನೆ ಎಂದರೆ ಸೇಂಟ್ ಹೆಲೆನಾ ದ್ವೀಪ, ಅದೂ ಸುಮಾರು 2,400 ಕಿಲೋಮೀಟರ್ ಆಚೆ! ದ್ವೀಪವೇ ಒಂದು ಜ್ವಾಲಾಮುಖಿ ಬೆಟ್ಟ. ಅದರ ಬುಡದ ಕಿರಿದಾದ ಬಯಲಿನಲ್ಲಿ ಆಗ ಇದ್ದವರು 260 ಚಿಲ್ಲರೆ ಜನ. ಆಲೂಗಡ್ಡೆ, ಕುರಿ, ಮೀನು, ಲಾಬ್‌ಸ್ಟರ್ ಡಬ್ಬಿಗೆ ತುಂಬುವ ಒಂದು ಕಾರ್ಖಾನೆ, ಇಷ್ಟೇ ಬದುಕು. ಬೆಟ್ಟದ ಬೆಂಕಿ ಎಂದೋ ಆರಿಹೋಗಿದೆ ಎಂಬ ನಂಬಿಕೆ.

ಆ ವರ್ಷ ಆಗಸ್ಟ್‌ನಲ್ಲಿ ನೆಲ ಅಲುಗತೊಡಗಿತು. ವಿಚಿತ್ರ ನೋಡಿ, ಊರಲ್ಲಿದ್ದವರಿಗೆ ಚೆನ್ನಾಗಿ ತಿಳಿಯುತ್ತಿದ್ದ ನಡುಕ ದ್ವೀಪದ ಬೇರೆ ಕಡೆ ಹೋದವರಿಗೆ ಗೊತ್ತೇ ಆಗುತ್ತಿರಲಿಲ್ಲ. ಭೂಕಂಪ ಚಿಕ್ಕದಾಗಿದ್ದು, ಹೆಚ್ಚು ಆಳದಲ್ಲಿ ಹುಟ್ಟದಿದ್ದರೆ ಹೀಗೇ. ಅದರ ಸದ್ದು ದೂರ ಹೋಗುವುದಿಲ್ಲ, ನೆತ್ತಿಯ ಮೇಲಿರುವ ಮನೆಯನ್ನು ಮಾತ್ರ ಬಿಡುವುದಿಲ್ಲ. ಊರಿನ ಕೆಳಗೇ ಶಿಲಾರಸ ದಾರಿ ಹುಡುಕುತ್ತಿತ್ತು.

ಅಕ್ಟೋಬರ್ 9ರ ಹೊತ್ತಿಗೆ ಮನೆಗಳ ಹಿಂದೆಯೇ ನೆಲ ಬಿರಿದು ದಿಬ್ಬದಂತೆ ಉಬ್ಬಿತು. ಊರಿನವರು ಆ ರಾತ್ರಿಯನ್ನು ಆಲೂಗಡ್ಡೆ ಹೊಲಗಳಲ್ಲಿ ಕಳೆದರು. ಮರುದಿನ ದೋಣಿಗಳಲ್ಲಿ ಪಕ್ಕದ ನೈಟಿಂಗೇಲ್ ದ್ವೀಪಕ್ಕೆ, ಅಲ್ಲಿಂದ ಡಚ್ ಹಡಗಿನಲ್ಲಿ ಕೇಪ್‌ಟೌನಿಗೆ, ಕೊನೆಗೆ ಇಂಗ್ಲೆಂಡಿಗೆ. ಒಬ್ಬರ ಜೀವಕ್ಕೂ ಅಪಾಯವಾಗಲಿಲ್ಲ. ಲಾವಾ ಕಾರ್ಖಾನೆಯನ್ನೂ ದೋಣಿ ಇಳಿಸುವ ದಡವನ್ನೂ ನುಂಗಿತು, ಮನೆಗಳಲ್ಲಿ ಹೆಚ್ಚಿನವು ಉಳಿದವು.

ಇಂಗ್ಲೆಂಡಿನಲ್ಲಿ ಅವರಿಗೆ ಮನೆ ಸಿಕ್ಕಿತು, ಕೆಲಸ ಸಿಕ್ಕಿತು. ಪತ್ರಿಕೆಯವರ ಕಾಟವೂ ಸಿಕ್ಕಿತು. ಅಲ್ಲಿನ ಚಳಿಗಾಲದ ಶೀತ, ಕೆಮ್ಮು ಅವರ ಮೈಗೆ ಹೊಸದು. ಕೆಲವು ಹಿರಿಯರು ಅಲ್ಲೇ ತೀರಿಕೊಂಡರು. ಇನ್ನು ಇಲ್ಲೇ ನೆಲೆಸುತ್ತಾರೆ ಎಂದೇ ಅಧಿಕಾರಿಗಳ ಲೆಕ್ಕ. 1962ರ ಡಿಸೆಂಬರ್‌ನಲ್ಲಿ ಮತ ಹಾಕಿಸಿದರು: ಹಿಂದಿರುಗಲು 148, ಉಳಿಯಲು 5.

ಊರು ಬಿಟ್ಟು ಮುಂಬಯಿ, ಪುಣೆ, ದೆಹಲಿ ಸೇರಿದ ನಾವು ಇಂಥ ಮತಪತ್ರ ಕೈಗೆ ಬಂದರೆ ಏನು ಗುರುತು ಹಾಕುತ್ತಿದ್ದೆವೋ! ನನಗಂತೂ ಆ ಐವರ ಬಗ್ಗೆಯೂ ಕುತೂಹಲ.

1963ರಲ್ಲಿ ಬಹುತೇಕರು ಮರಳಿ, ಹೊಸ ಲಾವಾ ಬಂಡೆಯ ಪಕ್ಕದಲ್ಲೇ ಒಲೆ ಹೊತ್ತಿಸಿದರು. ಕೆಲವರಿಗೆ ಆಮೇಲೆ ಇಂಗ್ಲೆಂಡಿನ ನೆನಪಾಗಿ ಮತ್ತೆ ಹೊರಟದ್ದೂ ಉಂಟು. 2004ರ ಜುಲೈಯಲ್ಲಿ ನೆಲ ಇನ್ನೊಮ್ಮೆ ನಡುಗಿತು. ಸಮುದ್ರದೊಳಗೆ ಜ್ವಾಲಾಮುಖಿ ಸಿಡಿದು, ನೀರಿನ ಮೇಲೆ ಹಗುರವಾದ ನೊರೆಗಲ್ಲುಗಳು ತೇಲಿಬಂದವು. ಆ ಸಲ ಊರು ಖಾಲಿಯಾಗಲಿಲ್ಲ.