ಭಾವನಾತ್ಮಕ ಬುದ್ಧಿಮತ್ತೆ: ಹಾಸನ ಸೀಮೆಯಲ್ಲಿ ಅದರ ಚರಿತ್ರೆ

ತನ್ನ ಮನಸ್ಸಿನಲ್ಲಿ ಏಳುವ ಭಾವವನ್ನು ಗುರುತಿಸುವುದು, ಅದರ ಕಾರಣವನ್ನು ತಿಳಿಯುವುದು, ಅದನ್ನು ಹದದಲ್ಲಿಟ್ಟುಕೊಳ್ಳುವುದು, ಎದುರಿನವರ ಭಾವವನ್ನು ಅರಿತು ನಡೆದುಕೊಳ್ಳುವುದು, ಇವಿಷ್ಟನ್ನೂ ಒಟ್ಟಾಗಿ ಮನೋವಿಜ್ಞಾನವು ಭಾವನಾತ್ಮಕ ಬುದ್ಧಿಮತ್ತೆ ಎಂದು ಕರೆಯುತ್ತದೆ. ಈ ಹೆಸರಿನ ವ್ಯವಸ್ಥಿತ ಸಿದ್ಧಾಂತ ರೂಪುಗೊಂಡದ್ದು 1990ರಲ್ಲಿ. ಭಾವಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಅವನ್ನು ಪಳಗಿಸುವ ಕ್ರಮವನ್ನು ಕಲಿಸುವ ಪ್ರಯತ್ನ ಅದಕ್ಕಿಂತ ಎಷ್ಟೋ ಹಳೆಯದು. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಸೀಮೆಯಲ್ಲಿ ಅಂಥ ಪ್ರಯತ್ನಕ್ಕೆ ಸಾವಿರ ವರ್ಷಗಳ ಇತಿಹಾಸವಿದೆ. ಜೈನ ಮುನಿಗಳ ಶಿಸ್ತಾಗಿದ್ದ ವಿದ್ಯೆ ಗೃಹಸ್ಥರಾದ ಶ್ರಾವಕರಿಗೆ, ಓದುಬರಹ ಬಲ್ಲವರಿಗೆ, ಕಾದಂಬರಿಯ ಓದುಗರಿಗೆ, ಕೊನೆಗೆ ಶಾಲೆಯ ಮಕ್ಕಳಿಗೆ ತಲುಪಿದ ಬಗೆಯೇ ಈ ಚರಿತ್ರೆಯ ಮುಖ್ಯ ಎಳೆ.

ಶ್ರವಣಬೆಳಗೊಳ: ಕಷಾಯಗಳ ವಿಚಾರ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗಂಗರ ಮಂತ್ರಿ ಚಾವುಂಡರಾಯ 981ರ ಹೊತ್ತಿಗೆ ಗೊಮ್ಮಟೇಶ್ವರನ, ಅಂದರೆ ಬಾಹುಬಲಿಯ, ಮೂರ್ತಿಯನ್ನು ಪ್ರತಿಷ್ಠಾಪಿಸಿದ. ಸುಮಾರು 58 ಅಡಿ ಎತ್ತರದ ಈ ಶಿಲ್ಪದ ಹಿಂದಿರುವ ಕಥೆ ಭಾವಗಳದ್ದೇ. ರಾಜ್ಯಕ್ಕಾಗಿ ಅಣ್ಣ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಮಾಡಿ ಗೆದ್ದ ಬಾಹುಬಲಿ, ಗೆಲುವಿನ ಗಳಿಗೆಯಲ್ಲಿಯೇ ಅದರಲ್ಲಿ ಹುರುಳಿಲ್ಲವೆಂಬುದನ್ನು ಕಂಡು ರಾಜ್ಯವನ್ನು ಬಿಟ್ಟ. ವರ್ಷವಿಡೀ ನಿಂತು ತಪಸ್ಸು ಮಾಡಿದರೂ ಅವನಿಗೆ ಕೇವಲಜ್ಞಾನ ದೊರೆಯಲಿಲ್ಲ. ಮನಸ್ಸಿನಲ್ಲಿ ಒಂದು ಎಳೆ ಉಳಿದಿತ್ತು. ಕೆಲವು ಕಥನಗಳಲ್ಲಿ ಅದು ಅಭಿಮಾನ, ಕೆಲವದರಲ್ಲಿ ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಕೊರಗು. ಆ ಎಳೆ ಕಳಚಿದ ಮೇಲೆಯೇ ಅರಿವು ಪೂರ್ಣವಾಯಿತು. ಪಂಪ ಕವಿ 941ರಲ್ಲಿ ರಚಿಸಿದ ‘ಆದಿಪುರಾಣ’ದಿಂದ ಈ ಕಥೆ ಕನ್ನಡದಲ್ಲಿ ನೆಲೆಯೂರಿತು. ಹೊರಗಿನ ಎದುರಾಳಿಯನ್ನು ಗೆದ್ದವನಿಗೂ ಒಳಗಿನ ಗಂಟನ್ನು ಬಿಡಿಸಿಕೊಳ್ಳುವುದು ಬಾಕಿ ಉಳಿಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಕಥೆಗಳು ವಿರಳ.

ಕಥೆಯ ಜತೆಗೆ ಶಾಸ್ತ್ರವೂ ಬೆಳೆಯಿತು. ಚಾವುಂಡರಾಯನ ಸಮಕಾಲೀನರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಾಕೃತದಲ್ಲಿ ‘ಗೊಮ್ಮಟಸಾರ’ವನ್ನು ರಚಿಸಿದರು. ಆತ್ಮವನ್ನು ಕಲುಷಿತಗೊಳಿಸುವ ಕ್ರೋಧ, ಮಾನ (ಗರ್ವ), ಮಾಯೆ (ಕಪಟ), ಲೋಭ ಎಂಬ ನಾಲ್ಕು ಕಷಾಯಗಳನ್ನು ಅದು ವಿವರಿಸುತ್ತದೆ. ಪ್ರತಿಯೊಂದಕ್ಕೂ ತೀವ್ರತೆಯ ನಾಲ್ಕು ಹಂತಗಳುಂಟು. ಕಲ್ಲಿನಲ್ಲಿ ಕೊರೆದ ಗೆರೆ, ನೆಲದಲ್ಲಿ ಬಿದ್ದ ಗೆರೆ, ಧೂಳಿನಲ್ಲಿ ಎಳೆದ ಗೆರೆ, ನೀರಿನ ಮೇಲಿನ ಗೆರೆ, ಇವು ಕ್ರೋಧದ ಹಂತಗಳು. ಮಾನಕ್ಕೆ ಬಾಗದ ಕಲ್ಲಿನಿಂದ ಎಲುಬು, ಮರ, ಬೆತ್ತದವರೆಗೆ ಹೋಲಿಕೆ. ಲೋಭಕ್ಕೆ ತೊಳೆದರೂ ಬಿಡದ ಬಣ್ಣದಿಂದ ಗಾಡಿಯ ಕೀಲೆಣ್ಣೆ, ಮೈಯ ಕೊಳೆ, ಅರಿಸಿನದ ಕರೆಯವರೆಗೆ ಹೋಲಿಕೆ. ನಗೆ, ಒಲವು, ಬೇಸರ, ಶೋಕ, ಭಯ, ಜುಗುಪ್ಸೆ ಮೊದಲಾದವನ್ನು ನೋಕಷಾಯಗಳೆಂದು ಬೇರೆಯಾಗಿ ಎಣಿಸಲಾಗಿದೆ. ಭಾವದ ಜಾತಿಯನ್ನು ಹೆಸರಿಸಿದರೆ ಸಾಲದು, ಅದು ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು ಎಂಬುದು ಈ ವರ್ಗೀಕರಣದ ತಿರುಳು. ಇಂದಿನ ಮನೋವಿಜ್ಞಾನವೂ ಭಾವದ ತೀವ್ರತೆಯನ್ನೂ ಅವಧಿಯನ್ನೂ ಪ್ರತ್ಯೇಕವಾಗಿ ಅಳೆಯುತ್ತದೆ. ಕೇಶವವರ್ಣಿ 1359ರಲ್ಲಿ ಈ ಗ್ರಂಥಕ್ಕೆ ಕನ್ನಡ ವೃತ್ತಿಯನ್ನು ಬರೆದದ್ದರಿಂದ ಈ ಸೂಕ್ಷ್ಮ ವಿಚಾರ ನಾಡಿನ ಮಾತಿಗೆ ಇಳಿಯಿತು.

ಗೃಹಸ್ಥರಾದ ಶ್ರಾವಕರಿಗಾಗಿ ಅಭ್ಯಾಸದ ಕ್ರಮಗಳೂ ಇದ್ದವು. ಒಂದು ಮುಹೂರ್ತ, ಅಂದರೆ 48 ನಿಮಿಷ, ಸಮಭಾವದಲ್ಲಿ ಕೂರುವ ಸಾಮಾಯಿಕ. ಮಾಡಿದ ತಪ್ಪುಗಳನ್ನು ನೆನೆದು ಹಿಂತಿರುಗುವ ಪ್ರತಿಕ್ರಮಣ. ಭಾದ್ರಪದದಲ್ಲಿ ಹತ್ತು ದಿನ ನಡೆಯುವ ದಶಲಕ್ಷಣ ಪರ್ವ. ಈ ಪರ್ವದಲ್ಲಿ ಚಿಂತಿಸುವ ಧರ್ಮಗಳಲ್ಲಿ ಕ್ಷಮೆ ಕ್ರೋಧಕ್ಕೆ, ಮಾರ್ದವ ಮಾನಕ್ಕೆ, ಆರ್ಜವ ಮಾಯೆಗೆ, ಶೌಚ ಲೋಭಕ್ಕೆ ಮದ್ದು. ಪರ್ವ ಮುಗಿದ ಮೇಲೆ ಬಂಧುಮಿತ್ರರಲ್ಲಿ ಪರಸ್ಪರ ಕ್ಷಮೆ ಕೇಳುವ ಕ್ಷಮಾವಣಿ ಇಂದಿಗೂ ನಡೆಯುತ್ತದೆ.

ರಸವಿಚಾರ ಮತ್ತು ಸಂಗೀತ

ಜೈನ ಶಾಸ್ತ್ರ ಭಾವವನ್ನು ಕ್ಷಯಗೊಳಿಸುವ ದಾರಿ ಹುಡುಕಿದರೆ, ಭರತಮುನಿಯ ‘ನಾಟ್ಯಶಾಸ್ತ್ರ’ದ ಪರಂಪರೆ ಅದನ್ನು ಆಸ್ವಾದದ ಮೂಲಕ ಅರಿಯುವ ದಾರಿ ತೋರಿತು. ನೆಲೆನಿಲ್ಲುವ ಎಂಟು ಸ್ಥಾಯಿಭಾವಗಳು, ಬಂದುಹೋಗುವ ಮೂವತ್ತಮೂರು ಸಂಚಾರಿಭಾವಗಳು ಎಂಬ ಲೆಕ್ಕ ಅದರದು. ಒಂದೇ ದುಃಖದೊಳಗೆ ನಾಚಿಕೆ, ಆತಂಕ, ಆಸೆಗಳು ಬಂದು ಹೋಗುವುದನ್ನು ನಟನೂ ನೋಡುಗನೂ ಗುರುತಿಸಬೇಕೆಂದು ಅದು ಬಯಸಿತು. ಸಹೃದಯನೆಂದರೆ ಇನ್ನೊಬ್ಬರ ಭಾವಕ್ಕೆ ತನ್ನ ಮನಸ್ಸನ್ನು ತೆರೆಯಬಲ್ಲವನು.

ಸಂಗೀತದಲ್ಲಿ ಈ ಸಂಸ್ಕಾರಕ್ಕೆ ಅರಕಲಗೂಡು ತಾಲ್ಲೂಕಿನ ಕಾವೇರಿ ದಡದ ರುದ್ರಪಟ್ಟಣ ಹೆಸರಾದ ಊರು. ತಲೆಮಾರುಗಳಿಂದ ಸಂಗೀತಗಾರರನ್ನು ಕೊಟ್ಟ ಈ ಊರಿನಿಂದ ಬಂದವರು ಆರ್. ಕೆ. ಶ್ರೀಕಂಠನ್ (1920–2014). ಅರಕಲಗೂಡಿನ ಹೆಸರನ್ನು ಹೊತ್ತ ಅ. ನ. ಕೃಷ್ಣರಾಯರು ‘ಸಂಧ್ಯಾರಾಗ’ ಕಾದಂಬರಿಯಲ್ಲಿ ಸಂಗೀತಗಾರನೊಬ್ಬನ ಒಳಬದುಕನ್ನು ಸಾಮಾನ್ಯ ಓದುಗರ ಮುಂದಿಟ್ಟರು.

ಹೊಳೆನರಸೀಪುರ: ವೇದಾಂತ ಕನ್ನಡಕ್ಕೆ ಬಂದದ್ದು

ಯಲ್ಲಂಬಳಸೆ ಸುಬ್ರಹ್ಮಣ್ಯ ಶರ್ಮರು, ಅಂದರೆ ಮುಂದೆ ಸಂನ್ಯಾಸ ಸ್ವೀಕರಿಸಿದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಗಳು (1880–1975), 1920ರಲ್ಲಿ ಆರಂಭಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ 1937ರಲ್ಲಿ ಹೊಳೆನರಸೀಪುರದಲ್ಲಿ ನೆಲೆಗೊಂಡಿತು. ಶಂಕರಾಚಾರ್ಯರ ಭಾಷ್ಯಗಳನ್ನು ಕನ್ನಡದಲ್ಲಿ ಪ್ರಕಟಿಸಿ, ಸಂಸ್ಕೃತ ಬಾರದ ಮೇಷ್ಟರು, ಗುಮಾಸ್ತರು, ಮನೆಯ ಹೆಂಗಸರು ಓದುವಂತೆ ಮಾಡಿದ್ದು ಈ ಸಂಸ್ಥೆಯ ದೊಡ್ಡ ಕೆಲಸ.

ಈ ಪುಸ್ತಕಗಳ ಮೂಲಕ ಭಗವದ್ಗೀತೆಯ ಎರಡನೆಯ ಅಧ್ಯಾಯದ ಮನೋವಿಶ್ಲೇಷಣೆ ಮನೆಮನೆಗೆ ಹೋಯಿತು. ವಿಷಯವನ್ನೇ ಧ್ಯಾನಿಸುವುದರಿಂದ ಅಂಟು, ಅಂಟಿನಿಂದ ಬಯಕೆ, ಬಯಕೆಗೆ ಅಡ್ಡಿಯಾದಾಗ ಕೋಪ, ಕೋಪದಿಂದ ಮಂಕು, ಮಂಕಿನಿಂದ ಮರೆವು, ಮರೆವಿನಿಂದ ಬುದ್ಧಿನಾಶ ಎಂಬ ಸರಪಳಿಯನ್ನು ಗೀತೆ ಹೇಳುತ್ತದೆ. ಕೋಪ ಏಕಾಏಕಿ ಬರುವುದಿಲ್ಲ, ಅದಕ್ಕೆ ಹಂತಗಳಿವೆ, ಮೊದಲ ಹಂತದಲ್ಲೇ ಎಚ್ಚೆತ್ತರೆ ಕೊನೆಯದನ್ನು ತಪ್ಪಿಸಬಹುದು ಎಂಬುದು ಇದರ ಉಪಯೋಗದ ಅಂಶ. ಭಾವನಿಯಂತ್ರಣವನ್ನು ಕುರಿತ ಇತ್ತೀಚಿನ ಸಂಶೋಧನೆಯೂ ಭಾವ ಪೂರ್ತಿಯಾಗಿ ಏಳುವ ಮೊದಲೇ ಅದನ್ನು ತಿದ್ದುವುದು, ಎದ್ದ ಮೇಲೆ ಅದುಮುವುದಕ್ಕಿಂತ ಮೇಲು ಎಂಬ ತೀರ್ಮಾನಕ್ಕೆ ಬಂದಿದೆ.

ಗ್ರಂಥಗಳನ್ನು ಓದದವರ ನಡುವೆ ಈ ತಿಳಿವಳಿಕೆ ಗಾದೆಗಳಲ್ಲಿ ಉಳಿದಿತ್ತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು, ಮಾತು ಆಡಿದರೆ ಹೋಯಿತು ಎಂಬ ಎಚ್ಚರಿಕೆಗಳನ್ನು ಕೇಳದೆ ಬೆಳೆದ ಮಗು ಈ ಸೀಮೆಯಲ್ಲಿ ಇರಲಾರದು.

ಸಾಹಿತ್ಯದ ಪಾತ್ರ

ಹೇಮಾವತಿ ದಡದ ಗೊರೂರಿನ ರಾಮಸ್ವಾಮಿ ಅಯ್ಯಂಗಾರರು (1904–1991) ‘ಹಳ್ಳಿಯ ಚಿತ್ರಗಳು’ ಮೊದಲಾದ ಕೃತಿಗಳಲ್ಲಿ ಊರಿನವರ ಮುನಿಸು, ಸಂಕೋಚ, ಹಟ, ಔದಾರ್ಯಗಳನ್ನು ಪ್ರೀತಿಯಿಂದ ಚಿತ್ರಿಸಿದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರು (1931–2025) 1970ರ ‘ಗೃಹಭಂಗ’ದಲ್ಲಿ ಇದೇ ನೆಲದ ಕಠೋರ ಮುಖವನ್ನು ತೋರಿದರು. ಅತ್ತೆಯ ಬಿರುನುಡಿ, ಗಂಡನ ಬೇಜವಾಬ್ದಾರಿ, ಬಡತನ, ಪ್ಲೇಗುಗಳ ನಡುವೆ ನಂಜಮ್ಮ ತನ್ನ ದುಃಖವನ್ನು ನುಂಗಿ ಸಂಸಾರವನ್ನು ನಡೆಸುತ್ತಾಳೆ. ಮನೆಯಲ್ಲಿ ಒಬ್ಬಳೇ ತಾಳ್ಮೆ ಕಲಿತು ಉಳಿದವರು ಕಲಿಯದಿದ್ದರೆ ಆ ಮನೆ ಉಳಿಯದು ಎಂಬುದು ಈ ಕಾದಂಬರಿಯಿಂದ ಮನಮುಟ್ಟುವ ಸತ್ಯ. ಹೆಣ್ಣಿನ ಸಹನೆಯನ್ನು ಹೊಗಳಿ ಸುಮ್ಮನಾಗುವ ಉಪದೇಶಗಳಿಗೆ ಇದಕ್ಕಿಂತ ಬಲವಾದ ಉತ್ತರ ಸಿಗುವುದು ಕಷ್ಟ.

ಮನೋವಿಜ್ಞಾನದ ಆಗಮನ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಶುರುವಾಯಿತು. ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯರು. ಆಗ ಬುದ್ಧಿಯೆಂದರೆ ಮುಖ್ಯವಾಗಿ ತರ್ಕ, ಲೆಕ್ಕ, ಭಾಷೆ, ಜ್ಞಾಪಕಗಳ ಶಕ್ತಿ. ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಹೊಂದಿಸಿದ ಬಿನೆ ಬುದ್ಧಿಪರೀಕ್ಷೆಯೂ ಇಂಥ ಶಕ್ತಿಗಳನ್ನೇ ಅಳೆಯಿತು.

1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಹಾಸನದಲ್ಲಿ ಹುಟ್ಟಿದ ಎಸ್. ಕೆ. ರಾಮಚಂದ್ರರಾಯರು ಈ ಸಂಸ್ಥೆಯಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಭಾರತದಲ್ಲಿ ಮನೋವೈಜ್ಞಾನಿಕ ಚಿಂತನೆ ಬೆಳೆದ ಬಗೆಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1962ರಲ್ಲಿ ಹೊರಬಂತು. ಜೈನ, ಬೌದ್ಧ, ವೈದಿಕ ಚಿಂತನೆಗಳನ್ನು ಆಧುನಿಕ ಮನೋವಿಜ್ಞಾನದ ವಿದ್ಯಾರ್ಥಿಗಳು ಓದಬೇಕಾದ ಶಾಸ್ತ್ರವೆಂದು ಎತ್ತಿ ಹಿಡಿದ ಮೊದಲಿಗರಲ್ಲಿ ಅವರೊಬ್ಬರು. ಹಳೆಯ ಪರಂಪರೆಯನ್ನೂ ಹೊಸ ವಿಜ್ಞಾನವನ್ನೂ ಬೆಸೆದ ಅವರ ಕೆಲಸಕ್ಕೆ ಸಲ್ಲಬೇಕಾದ ಗಮನ ಹುಟ್ಟೂರಿನಲ್ಲಾದರೂ ಸಲ್ಲಬೇಕು.

ಜನರಿಗೆ ತಿಳಿಯುವ ಕನ್ನಡದಲ್ಲಿ ಮನಸ್ಸಿನ ವಿಚಾರ ಬರೆದವರಲ್ಲಿ ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಪ್ರಮುಖರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಕೋಪ, ಭಯ, ಕೀಳರಿಮೆ, ದಾಂಪತ್ಯ, ಪರೀಕ್ಷೆಯ ಆತಂಕಗಳ ಕುರಿತು ಬರೆದ ಕಿರುಹೊತ್ತಗೆಗಳು ನಾಡಿನ ಗ್ರಂಥಾಲಯಗಳಲ್ಲೆಲ್ಲ ಓದುಗರನ್ನು ಕಂಡವು.

ಸಿದ್ಧಾಂತ ರೂಪುಗೊಂಡದ್ದು

ಅಮೆರಿಕದ ಥಾರ್ನ್‌ಡೈಕ್ 1920ರಲ್ಲಿ ಸಾಮಾಜಿಕ ಬುದ್ಧಿಯ ಮಾತೆತ್ತಿದ್ದರು. ಹೊವಾರ್ಡ್ ಗಾರ್ಡ್‌ನರ್ 1983ರಲ್ಲಿ ತನ್ನನ್ನು ಅರಿಯುವ ಮತ್ತು ಇತರರನ್ನು ಅರಿಯುವ ಶಕ್ತಿಗಳನ್ನು ಬುದ್ಧಿಯ ಬಗೆಗಳಲ್ಲಿ ಸೇರಿಸಿದರು. ಪೀಟರ್ ಸ್ಯಾಲೊವೆ ಮತ್ತು ಜಾನ್ ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿಮತ್ತೆಯ ಸಿದ್ಧಾಂತವನ್ನು ಮಂಡಿಸಿದರು. 1997ರಲ್ಲಿ ಅದನ್ನು ಭಾವವನ್ನು ಗ್ರಹಿಸುವುದು, ಆಲೋಚನೆಗೆ ಬಳಸುವುದು, ತಿಳಿಯುವುದು, ನಿರ್ವಹಿಸುವುದು ಎಂಬ ನಾಲ್ಕು ಕವಲುಗಳಾಗಿ ವಿಸ್ತರಿಸಿದರು. ಡೇನಿಯಲ್ ಗೋಲ್‌ಮನ್ ಅವರ 1995ರ ಪುಸ್ತಕದಿಂದ ಈ ವಿಚಾರ ಜಗತ್ತಿನಾದ್ಯಂತ ಜನಪ್ರಿಯವಾಯಿತು.

ಈ ಸಿದ್ಧಾಂತಕ್ಕೂ ಈ ಸೀಮೆಯ ಹಳೆಯ ಶಿಸ್ತುಗಳಿಗೂ ಗುರಿಯಲ್ಲಿ ವ್ಯತ್ಯಾಸವಿದೆ. ಮುನಿಗೆ ಕಷಾಯಗಳ ಕ್ಷಯದಿಂದ ಮುಕ್ತಿ ಬೇಕು, ಹೊಸ ಸಿದ್ಧಾಂತಕ್ಕೆ ಭಾವದ ನೆರವಿನಿಂದ ಲೋಕದ ಬದುಕು ಹಸನಾಗಬೇಕು. ಮೊದಲು ಭಾವವನ್ನು ಗುರುತಿಸು, ಅದರ ಕಾರಣ ಹುಡುಕು, ಅಭ್ಯಾಸದಿಂದ ತಿದ್ದಿಕೋ ಎಂಬ ಕ್ರಮ ಮಾತ್ರ ಎರಡರಲ್ಲೂ ಒಂದೇ.

ಸಿದ್ಧಾಂತಕ್ಕೆ ಟೀಕೆಗಳೂ ಉಂಟು. ಇದು ನಿಜವಾಗಿ ಬುದ್ಧಿಯ ಬಗೆಯೇ, ಸ್ವಭಾವದ ಗುಣಗಳ ಇನ್ನೊಂದು ಹೆಸರೇ ಎಂಬ ಚರ್ಚೆ ಮುಗಿದಿಲ್ಲ. ತನ್ನ ಬಗ್ಗೆ ತಾನೇ ಉತ್ತರ ಬರೆಯುವ ಪರೀಕ್ಷೆಗಳಲ್ಲಿ ಆತ್ಮಪ್ರಶಂಸೆ ನುಸುಳುತ್ತದೆ. ಹೆಚ್ಚಿನ ಪರೀಕ್ಷೆಗಳು ಇಂಗ್ಲಿಷ್ ಮಾತಾಡುವ ಸಮಾಜಗಳಲ್ಲಿ ಹುಟ್ಟಿದವು. ಹಿರಿಯರೆದುರು ಮಾತು ತಡೆದುಕೊಳ್ಳುವುದನ್ನು ಮರ್ಯಾದೆಯೆಂದು ಕಲಿತ ಮಕ್ಕಳನ್ನು ಅವುಗಳಿಂದ ಅಳೆಯುವಾಗ ಎಚ್ಚರ ಬೇಕು.

ಶಾಲೆಗಳಲ್ಲಿ

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳನ್ನು ಪಟ್ಟಿ ಮಾಡಿತು. ಸ್ವಯಂ ಅರಿವು, ಸಹಾನುಭೂತಿ, ಭಾವನೆಗಳ ನಿರ್ವಹಣೆ, ಒತ್ತಡದ ನಿರ್ವಹಣೆ ಅದರಲ್ಲಿದ್ದವು. ಇವನ್ನು ಆಧರಿಸಿ ನಿಮ್ಹಾನ್ಸ್ ಪ್ರೌಢಶಾಲೆಗಳಿಗೆ ಪಠ್ಯಕ್ರಮ ರೂಪಿಸಿ ಶಿಕ್ಷಕರಿಗೇ ತರಬೇತಿ ಕೊಟ್ಟಿತು. ಹೊರಗಿನ ತಜ್ಞರ ಬದಲು ಮಕ್ಕಳ ದಿನನಿತ್ಯದ ಮೇಷ್ಟರೇ ಚರ್ಚೆ, ಪಾತ್ರಾಭಿನಯ, ಗುಂಪು ಚಟುವಟಿಕೆಗಳಿಂದ ಪಾಠ ನಡೆಸುವುದು ಇದರ ವಿಶೇಷ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದು ವರ್ಷದ ತರಬೇತಿ ಪಡೆದ 605 ವಿದ್ಯಾರ್ಥಿಗಳನ್ನು, ಪಡೆಯದ 423 ವಿದ್ಯಾರ್ಥಿಗಳೊಡನೆ ಹೋಲಿಸಿತು. ಪಡೆದವರಲ್ಲಿ ಆತ್ಮಗೌರವ, ಕಷ್ಟ ನಿಭಾಯಿಸುವ ಶಕ್ತಿ, ಶಿಕ್ಷಕರೊಡನೆ ಹೊಂದಾಣಿಕೆ ಹೆಚ್ಚಾಗಿದ್ದವು. ಮನೆಯವರೊಡನೆ, ಓರಗೆಯವರೊಡನೆ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಶಾಲೆಯ ಪಾಠ ಮನೆಯೊಳಕ್ಕೆ ತಾನಾಗಿ ಹೋಗದು ಎಂಬುದಕ್ಕೆ ಈ ಫಲಿತಾಂಶ ಸಾಕ್ಷಿ.

ಇಂದಿನ ಸ್ಥಿತಿ

ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಇಲಾಖೆಗಳು ಜತೆಗೂಡಿ ನಡೆಸುವ ‘ಯುವ ಸ್ಪಂದನ’ ಯುವಜನರಿಗೆ ಜಿಲ್ಲಾಮಟ್ಟದಲ್ಲಿ ಆಪ್ತ ಮಾರ್ಗದರ್ಶನ ನೀಡಲು ರೂಪುಗೊಂಡ ಕಾರ್ಯಕ್ರಮ. ರಾಷ್ಟ್ರೀಯ ಶಿಕ್ಷಣ ನೀತಿ 2020 ಸಾಮಾಜಿಕ ಮತ್ತು ಭಾವನಾತ್ಮಕ ಬೆಳವಣಿಗೆಯನ್ನು ಶಿಕ್ಷಣದ ಗುರಿಗಳಲ್ಲಿ ಸೇರಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಭಾವವನ್ನು ಅರಿತು ನಡೆಯುವುದು ಹುಟ್ಟಿನಿಂದ ಬರುವ ವರವಲ್ಲ, ಕಲಿಯಬಹುದಾದ ವಿದ್ಯೆ ಎಂಬುದನ್ನು ಈ ಸೀಮೆಯ ಗ್ರಂಥಗಳೂ ಇಂದಿನ ಅಧ್ಯಯನಗಳೂ ಒಟ್ಟಾಗಿ ಹೇಳುತ್ತವೆ. ಒಂದು ಕಾಲಕ್ಕೆ ಬೆಟ್ಟದ ಮೇಲಿನ ಮುನಿಗಳಿಗೆ ಮೀಸಲಾಗಿದ್ದ ಈ ವಿದ್ಯೆ ಇಂದು ತರಗತಿಯ ಬಾಗಿಲಿಗೆ ಬಂದಿದೆ. ಅದನ್ನು ಮನೆಯೊಳಗೆ ಕರೆದುಕೊಳ್ಳುವ ಹೊಣೆ ತಂದೆತಾಯಂದಿರದು. ಮಗುವಿಗೆ ಕಲಿಸುವ ಮೊದಲು ಹಿರಿಯರು ಕಲಿಯಬೇಕು.