ಮುಚ್ಚಿದ ಬಾಗಿಲಿನ ಹೊರಗೆ ಹೇಮಾವತಿ

ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟೆಯ ನೀರನ್ನು ನಂಬಿಕೊಂಡ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಬೇಸಾಯಕ್ಕೆ ಸಂವಿಧಾನದ 262ನೇ ವಿಧಿಯ ನಂಟಿದೆ. ಅಂತರರಾಜ್ಯ ನದಿ ವಿವಾದಗಳನ್ನು ಸುಪ್ರೀಂ ಕೋರ್ಟ್ ಕೂಡ ವಿಚಾರಿಸದಂತೆ ಸಂಸತ್ತು ಕಾನೂನು ಮಾಡಬಹುದು ಎನ್ನುತ್ತದೆ ಆ ವಿಧಿ. 1956ರ ಕಾಯ್ದೆ ಹಾಗೆಯೇ ಬಾಗಿಲು ಹಾಕಿತು. ಆದರೂ ಕಾವೇರಿ, ಹೇಮಾವತಿಗಳ ಪಾಲು ಕೊನೆಗೆ ತೀರ್ಮಾನವಾದದ್ದು ಆ ಕೋರ್ಟಿನಲ್ಲೇ. ಇದು ನ್ಯಾಯಮೂರ್ತಿಗಳ ಅತಿಕ್ರಮಣ ಎಂಬ ದೂರು ಹಳೆಯದು. ನನಗೆ ಹಾಗೆ ಕಾಣುವುದಿಲ್ಲ. ಮಾಡಬೇಕಾದವರು ಮಾಡದೆ ಕೂತಾಗ ಕಕ್ಷಿದಾರರೇ ಕೋರ್ಟನ್ನು ಒಳಕ್ಕೆ ಕರೆದರು.

ನ್ಯಾಯಾಲಯವನ್ನು ಹೊರಗಿಡುವ ಉಪಾಯ ನಮ್ಮಲ್ಲಿ ಇದೊಂದೇ ಅಲ್ಲ. ರಾಜ್ಯನೀತಿಯ ನಿರ್ದೇಶಕ ತತ್ವಗಳಿಗೆ ನಾವು ಮಾದರಿಯಾಗಿ ಹಿಡಿದದ್ದು ಐರ್ಲೆಂಡಿನ 1937ರ ಸಂವಿಧಾನದ 45ನೇ ವಿಧಿಯನ್ನು. ಸಂವಿಧಾನ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬಿ.ಎನ್. ರಾವ್ 1947ರ ಕೊನೆಯಲ್ಲಿ ಡಬ್ಲಿನ್‌ಗೂ ಹೋಗಿ ಬಂದಿದ್ದರು. ಆ ತತ್ವಗಳು ಶಾಸಕಾಂಗಕ್ಕೆ ದಾರಿ ತೋರಿಸಲಿ, ಕೋರ್ಟು ಅವನ್ನು ಮುಟ್ಟದಿರಲಿ ಎಂಬುದು ಐರಿಶರ ಎಣಿಕೆ. ಅದು ಪೂರ್ತಿ ನಡೆಯಲಿಲ್ಲ. ಮದ್ಯದಂಗಡಿಗಳಲ್ಲಿ ಹೆಂಗಸರನ್ನು ಕೆಲಸಕ್ಕಿಟ್ಟುಕೊಳ್ಳಬಾರದೆಂದು ಕಾರ್ಮಿಕ ಸಂಘವೊಂದು ಹಟ ಹಿಡಿದ ಪ್ರಕರಣದಲ್ಲಿ, 1972ರಲ್ಲಿ, ನ್ಯಾಯಮೂರ್ತಿ ಕೆನ್ನಿ ಅದೇ 45ನೇ ವಿಧಿಯನ್ನು ಓದಿ ಹೆಣ್ಣಿಗೂ ದುಡಿದು ತಿನ್ನುವ ಹಕ್ಕಿದೆ ಎಂದರು. ನೊಂದವರು ಬಂದು ನಿಂತಾಗ ಬಾಗಿಲು ಹಾಕಿದೆ ಎಂದಷ್ಟೇ ಹೇಳಿ ಕಳಿಸುವುದು ಯಾವ ಕೋರ್ಟಿಗೂ ಸುಲಭವಲ್ಲ.

ಹೇಮಾವತಿಯ ಕಥೆಯೂ ಹೀಗೇ ಸಾಗಿತು. 1892ರ ಒಪ್ಪಂದದ ಪಟ್ಟಿಯಲ್ಲಿ ಅವಳ ಹೆಸರಿತ್ತು. ಮದರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಅಲ್ಲಿ ಹೊಸ ನೀರಾವರಿ ಜಲಾಶಯ ಕಟ್ಟುವಂತಿರಲಿಲ್ಲ. 1924ರ ಒಪ್ಪಂದ ಸ್ವಲ್ಪ ಸಡಿಲಿಸಿತು. ಗೊರೂರಿನಲ್ಲಿ ಕಟ್ಟೆ ಏಳುತ್ತಿದ್ದ ಕಾಲದಲ್ಲಿ, 1971ರಲ್ಲಿ, ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋಗಿ, ಮರುವರ್ಷ ದಾವೆ ಹಿಂತೆಗೆದುಕೊಂಡಿತು. ಆಮೇಲೆ ಮಾತುಕತೆಯ ಮೇಲೆ ಮಾತುಕತೆ. 1983ರಲ್ಲಿ ತಂಜಾವೂರಿನ ರೈತರು ಕೋರ್ಟಿಗೆ ಹೋದರು, 1986ರಲ್ಲಿ ತಮಿಳುನಾಡು 1956ರ ಕಾಯ್ದೆಯ ಪ್ರಕಾರ ನ್ಯಾಯಮಂಡಳಿ ಕೇಳಿತು, ಕೇಂದ್ರ ಕದಲಲಿಲ್ಲ. 1990ರ ಮೇ 4ರಂದು ಕೋರ್ಟು ಹೇಳಿದ್ದು ಇಷ್ಟೇ: ಒಂದು ತಿಂಗಳೊಳಗೆ ನ್ಯಾಯಮಂಡಳಿ ರಚಿಸಿ. ಅಂದು ಅದು ಒಂದು ಹನಿ ನೀರನ್ನೂ ಹಂಚಲಿಲ್ಲ. ಕಾಯ್ದೆ ವಹಿಸಿದ ಕೆಲಸವನ್ನು ಕೇಂದ್ರದಿಂದ ಮಾಡಿಸಿತು.

ಹಾಗಾದರೆ 1991ಕ್ಕೆ ಏನು ಹೇಳುತ್ತೀರಿ ಎಂದು ಹಾಸನದ ರೈತ ಕೇಳಿಯಾನು, ಕೇಳಲೇಬೇಕು. ಆ ಜೂನ್‌ನಲ್ಲಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಿ ಎಂದಿತು, ಕರ್ನಾಟಕದ ನೀರಾವರಿ 11.2 ಲಕ್ಷ ಎಕರೆ ಮೀರಕೂಡದೆಂದೂ ಹೇಳಿತು. ನಾಲೆ ಇನ್ನೂ ತಲುಪದಿದ್ದ ಹೊಲಗಳಿಗೆ ಎರಡನೆಯ ಮಾತೇ ಹೆಚ್ಚು ಕಹಿ. ಆ ಆದೇಶವನ್ನು ತಡೆಯಲು ಕರ್ನಾಟಕ ತಂದ ಸುಗ್ರೀವಾಜ್ಞೆಯನ್ನು ಕೋರ್ಟು ನವೆಂಬರ್ 22ರಂದು ಅಸಿಂಧು ಎಂದಿತು. ಸಿಟ್ಟು ಸಹಜ. ಆದರೆ ಅದು ಕೊಟ್ಟ ಕಾರಣ, ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಲಾಗದು ಎಂಬುದು, ಕೇವಲ ಕರ್ನಾಟಕವನ್ನು ಕಟ್ಟುವ ಹಗ್ಗವಲ್ಲ. ನಾಳೆ ಕೆಳಗಿನ ರಾಜ್ಯ ಅಂಥದೇ ಕಾನೂನು ತಂದರೆ ನಮ್ಮ ಕೈಯಲ್ಲೂ ಇರುವುದು ಅದೇ. 2007ರ ಅಂತಿಮ ತೀರ್ಪಿನ ವಿರುದ್ಧ ಮೇಲ್ಮನವಿ ಹಾಕಿದವರಲ್ಲಿ ನಾವೂ ಇದ್ದೆವು. 262ನೇ ವಿಧಿ ತೋರಿಸಿ ಆ ಮೇಲ್ಮನವಿಗಳು ನಿಲ್ಲವು ಎಂದದ್ದು ಕೇಂದ್ರ. 2016ರ ಡಿಸೆಂಬರ್ 9ರಂದು ಕೋರ್ಟು ಅದನ್ನು ಒಪ್ಪಲಿಲ್ಲ. ಒಪ್ಪಿದ್ದರೆ 2018ರ ಫೆಬ್ರುವರಿ 16ರಂದು ನಾವು ಬಿಡಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿಯುತ್ತಿರಲಿಲ್ಲ. ಉಳಿದ 14.75ರಲ್ಲಿ 4.75 ಬೆಂಗಳೂರಿನ ನಲ್ಲಿಗಳಿಗೆಂದೇ ಬಂದದ್ದು, ಹೇಮಾವತಿ ಬಯಲಿಗಲ್ಲ, ಎಂಬುದನ್ನೂ ಹೇಳಿಬಿಡಬೇಕು.

ನ್ಯಾಯಮೂರ್ತಿಗಳಿಗೆ ಹೊಲ ಗೊತ್ತಿಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. 2016ರ ಸೆಪ್ಟೆಂಬರ್‌ನಲ್ಲಿ ದಿನಕ್ಕಿಷ್ಟು ಕ್ಯೂಸೆಕ್ ಎಂದು ಆದೇಶಿಸುತ್ತಾ ಹೋದದ್ದು ಕೋರ್ಟು ಮಾಡಬೇಕಾದ ಕೆಲಸವಾಗಿರಲಿಲ್ಲ. 2018ರ ತೀರ್ಪಿನ ನಂತರ ಆ ಲೆಕ್ಕ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರಕ್ಕೆ ಹೋಯಿತು. ಜಿಲ್ಲೆಯೊಳಗೆ ನಾಲೆಗೆ ಎಂದು ನೀರು, ಎಷ್ಟು ದಿನ ಎಂಬುದು ನೀರಾವರಿ ಸಲಹಾ ಸಮಿತಿಯ ತೀರ್ಮಾನ. ಬಾಗೂರು–ನವಿಲೆ ಸುರಂಗದಲ್ಲಿ ನೀರು ತುಮಕೂರಿನತ್ತ ಹರಿಯುವಾಗ ಚನ್ನರಾಯಪಟ್ಟಣದ ಕೆರೆಗಳಿಗೆ ಎಷ್ಟು ಎಂಬ ಜಗಳವನ್ನು ರೈತರು ಆಡಬೇಕಾದದ್ದು ಆ ಸಮಿತಿಯ ಮುಂದೆ.